ನಾನು ತಪ್ಪಾಗಿ ಕಲಿಸಿದ ಒಂದು ಪಾಠ



ಸಾಮಾನ್ಯವಾಗಿ ನಾನಿಲ್ಲಿ ಮಳೆ, ಕಾಫಿ ತೋಟ, ಶಾಲೆಯ ದಿನಗಳು ಇತ್ಯಾದಿ ಹಳೆಯ ನೆನಪುಗಳನ್ನು ಬರೆಯುತ್ತ ಬಂದವನು. ಇಂದಿನ ವಿಷಯ ಸ್ವಲ್ಪ ಬೇರೆ. ಆದರೆ ಇದರಲ್ಲಿಯೂ ಒಂದು ನೆನಪಿದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮಲ್ಲಿ ಕೆಲವರ ಮುಂದೆ ನಾನು ಮಾಡಬೇಕಾದ ಒಂದು ತಪ್ಪೊಪ್ಪಿಗೆ ಇದೆ.

2025ರ ಮೇ ತಿಂಗಳು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿ ಅಮಾಯಕರ ಹತ್ಯೆಯಾಗಿತ್ತು. ನಮ್ಮ ಮಲೆನಾಡಿನ ಶಿವಮೊಗ್ಗಕ್ಕೂ ಒಂದು ಶವಪೆಟ್ಟಿಗೆ ಬಂದಿತ್ತು. ಮೇ 7ರ ನಸುಕಿನಲ್ಲಿ ನಮ್ಮ ಸೇನೆ 'ಆಪರೇಷನ್ ಸಿಂಧೂರ' ಆರಂಭಿಸಿತು. ಬೆಂಗಳೂರಿನಲ್ಲಿಯೂ ಸೈರನ್ ಮೊಳಗಿಸಿ ಅಣಕು ಕವಾಯತು ನಡೆಸಿದರು. ಆ ನಾಲ್ಕು ದಿನಗಳ ನಡುವೆಯೇ ಮೂಡಿಗೆರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಬೇರೆ ಮಾತೇ ಇರಲಿಲ್ಲ. "ಒಂದೇ ಒಂದು ಅಣುಬಾಂಬು ಹಾಕಿ ಮುಗಿಸಿಬಿಡಬೇಕು" ಎಂದು ಒಬ್ಬರು ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತ ಹೇಳಿದರು. ಆಗ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಶಿಷ್ಯನೊಬ್ಬ ನಗುತ್ತ, "ಯಾರೂ ಹಾಕುವುದಿಲ್ಲ, ಹೆದರಬೇಡಿ. ಎರಡೂ ಮನೆಯಲ್ಲಿ ಕೋವಿ ಇದ್ದರೆ ಯಾರೂ ಹಾರಿಸುವುದಿಲ್ಲ. 98ರಲ್ಲಿ ನಮಗೆ ಇದನ್ನು ಕಲಿಸಿದ್ದು ಸಾರೇ" ಎಂದು ನನ್ನತ್ತ ಕೈ ತೋರಿಸಿದ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಕ್ಕು ತಲೆಯಾಡಿಸಿದೆ. 27 ವರ್ಷಗಳ ಹಿಂದಿನ ಪಾಠವನ್ನು ವಿದ್ಯಾರ್ಥಿ ಅಕ್ಷರಶಃ ನೆನಪಿಟ್ಟುಕೊಂಡಿದ್ದಾನೆಂದರೆ ಯಾವ ಮೇಷ್ಟ್ರಿಗೆ ಸಂತೋಷವಾಗುವುದಿಲ್ಲ? ಆದರೆ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಏಕೆಂದರೆ ಆ ಪಾಠ ತಪ್ಪೆಂಬುದು ಅದೇ ವರ್ಷ ನನಗೆ ತಿಳಿದಿತ್ತು. ತರಗತಿಯಲ್ಲಿ ಮಾತ್ರ ನಾನದನ್ನು ತಿದ್ದಿರಲಿಲ್ಲ. ಬಿ.ಇಡಿ. ಓದುವಾಗ ನಮ್ಮ ಗುರುಗಳು ಹೇಳುತ್ತಿದ್ದರು, ತಪ್ಪು ಹೇಳಿಕೊಟ್ಟಿದ್ದರೆ ಮರುದಿನವೇ ಕರಿಹಲಗೆಯ ಮೇಲೆ ತಿದ್ದಬೇಕೆಂದು. ನಾನು ಬಹಳ ತಡವಾಗಿ ತಿದ್ದುತ್ತಿದ್ದೇನೆ.

ಆಗಿನ ಉತ್ಸಾಹವನ್ನು ಮೊದಲು ಹೇಳಬೇಕು. 1998ರ ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ನಮ್ಮ ಅಣ್ವಸ್ತ್ರ ಪರೀಕ್ಷೆಗಳು ನಡೆದವು. ಅದೇ ತಿಂಗಳ 28 ಮತ್ತು 30ರಂದು ಪಾಕಿಸ್ತಾನವೂ ಬಲೂಚಿಸ್ತಾನದಲ್ಲಿ ಪರೀಕ್ಷೆ ನಡೆಸಿತು. ಜೂನ್‌ನಲ್ಲಿ ಶಾಲೆ ತೆರೆದಾಗ ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ಪಠ್ಯಪುಸ್ತಕವನ್ನು ಬದಿಗಿಟ್ಟು ಅದನ್ನೇ ಪಾಠ ಮಾಡಿದೆ. 1974ರ ಮೇ 18ರ ಮೊದಲ ಪರೀಕ್ಷೆಯ ನೇತೃತ್ವ ವಹಿಸಿದ್ದವರು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣನವರು ಎಂದು ಹೆಮ್ಮೆಯಿಂದ ಹೇಳಿದೆ. ಇನ್ನು ಯುದ್ಧವೇ ಇಲ್ಲ ಎಂದೆ. ಮಕ್ಕಳಿಗೆ ಅರ್ಥವಾಗಲೆಂದು ನಮ್ಮ ಶಾಲೆಯ ಹತ್ತಿರದ ಎರಡು ತೋಟಗಳ ಉದಾಹರಣೆ ಕೊಟ್ಟೆ.

ಆ ತೋಟಗಳು ಯಾರವೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಹೆಸರು ಬೇಡ, ಮೇಲಿನ ತೋಟ, ಕೆಳಗಿನ ತೋಟ ಎನ್ನೋಣ. ನಡುವೆ ಒಂದು ಅಗಳು, ಅದರ ತುದಿಯಲ್ಲಿ ಹೇಮಾವತಿಯ ಕಡೆ ಹರಿಯುವ ಒಂದು ಹಳ್ಳ. ಅಗಳು ಯಾರ ಜಾಗದಲ್ಲಿದೆ ಎಂಬ ವ್ಯಾಜ್ಯ ಎರಡು ತಲೆಮಾರಿನದು. ಎರಡೂ ಮನೆಯಲ್ಲಿ ಪರವಾನಗಿ ಪಡೆದ ತೋಟಾ ಕೋವಿಗಳಿದ್ದವು. "ನೋಡಿ ಮಕ್ಕಳೇ, ಇಬ್ಬರಲ್ಲಿಯೂ ಕೋವಿ ಇರುವುದರಿಂದಲೇ ಇಬ್ಬರೂ ಸುಮ್ಮನಿದ್ದಾರೆ. ಒಬ್ಬರಲ್ಲಿ ಮಾತ್ರ ಇದ್ದಿದ್ದರೆ ಇನ್ನೊಬ್ಬರ ತೋಟ ಎಂದೋ ಹೋಗಿರುತ್ತಿತ್ತು" ಎಂದೆ. ತರಗತಿ ನಕ್ಕಿತು. ಕೊನೆಯ ಬೆಂಚಿನಲ್ಲಿ ಕೆಳಗಿನ ತೋಟದ ಕೂಲಿ ಲೈನಿನಿಂದ ಬರುವ ಒಬ್ಬ ಹುಡುಗ ಕುಳಿತಿದ್ದ. ಅವನು ನಕ್ಕನೋ ಇಲ್ಲವೋ ನಾನು ನೋಡಲಿಲ್ಲ.

ನಾನು ಹೇಳಿದ್ದು ನನ್ನ ಸ್ವಂತ ಸಂಶೋಧನೆಯೇನೂ ಅಲ್ಲ. ಡಿಟೆರೆನ್ಸ್ ಎಂದು ಪಂಡಿತರು ಕರೆಯುವುದು ಇದನ್ನೇ. ಕನ್ನಡದಲ್ಲಿ ತಡೆಶಕ್ತಿ ಎನ್ನಬಹುದು. ನೀನು ಹೊಡೆದರೆ ನಾನು ಉಳಿದ ಬಲದಿಂದಲೇ ನಿನ್ನನ್ನು ಇಲ್ಲವಾಗಿಸಬಲ್ಲೆ ಎಂಬುದು ಎದುರಾಳಿಗೆ ಖಚಿತವಾಗಿ ಗೊತ್ತಿದ್ದರೆ ಅವನು ಹೊಡೆಯುವುದಿಲ್ಲ ಎಂಬ ಲೆಕ್ಕಾಚಾರ. 2003ರ ಜನವರಿ 4ರಂದು ಭಾರತ ಸರ್ಕಾರ ಪ್ರಕಟಿಸಿದ ನೀತಿಯೂ ಇದರ ಮೇಲೆಯೇ ನಿಂತಿದೆ: ನಾವು ಮೊದಲು ಬಳಸುವುದಿಲ್ಲ, ನಮ್ಮ ಮೇಲೆ ಬಳಸಿದರೆ ಪ್ರತೀಕಾರ ಅತಿ ದೊಡ್ಡದಾಗಿರುತ್ತದೆ. ಪಾಕಿಸ್ತಾನ 'ಮೊದಲು ಬಳಸುವುದಿಲ್ಲ' ಎಂಬ ಮಾತನ್ನು ಒಪ್ಪಿಲ್ಲ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ 2025ರ ಅಂದಾಜಿನಂತೆ ಭಾರತದಲ್ಲಿ ಸುಮಾರು 180, ಪಾಕಿಸ್ತಾನದಲ್ಲಿ ಸುಮಾರು 170, ಚೀನಾದಲ್ಲಿ ಸುಮಾರು 600 ಅಣು ಸಿಡಿತಲೆಗಳಿವೆ.

ಇನ್ನು ಅಕ್ಟೋಬರ್ ತಿಂಗಳ ಆ ರಾತ್ರಿಯ ವಿಷಯ.

ಭತ್ತ ಹಾಲುಗಟ್ಟಿ ಬಲಿಯುವ ಕಾಲದಲ್ಲಿ ಗದ್ದೆಗೆ ಹಂದಿ ಇಳಿಯುವುದು ನಿಮಗೆಲ್ಲ ಗೊತ್ತಿದೆ. ಆ ಎರಡು ತೋಟಗಳ ನಡುವೆ ಮಾತುಕತೆ ಇರಲಿಲ್ಲವಾದರೂ ಒಂದು ಪದ್ಧತಿ ಇತ್ತು. ಗದ್ದೆ ಕಾಯಲು ಕೋವಿ ಹೊರಗೆ ತೆಗೆಯುವ ದಿನ ಸಂಜೆ ಒಂದು ತೋಟದ ರೈಟರು ಇನ್ನೊಂದು ತೋಟದ ರೈಟರಿಗೆ "ಇವತ್ತು ರಾತ್ರಿ ಕಾಯ್ತಾರೆ" ಎಂದು ಹೇಳಿ ಕಳುಹಿಸುತ್ತಿದ್ದರು. ಆ ವರ್ಷ ಮೇಲಿನ ತೋಟಕ್ಕೆ ಹೊಸ ರೈಟರು ಬಂದಿದ್ದರು. ಅವರಿಗೆ ಈ ಪದ್ಧತಿ ಗೊತ್ತಿರಲಿಲ್ಲ; ಯಾರೂ ಹೇಳಿಯೂ ಇರಲಿಲ್ಲ.

ಮಂಜು ಕವಿದ ರಾತ್ರಿ. ಮೇಲಿನ ತೋಟದ ಅಟ್ಟಣೆಯಿಂದ ಎರಡು ಈಡು ಹಾರಿದವು. ಚರೆಗಳು ಹಳ್ಳ ದಾಟಿ ಕೆಳಗಿನ ತೋಟದ ಲೈನಿನ ತಗಡಿನ ಮಾಡಿನ ಮೇಲೆ ಸುರಿದವು. ಹೆಂಗಸರು ಮಕ್ಕಳು ಕೂಗಿಕೊಂಡರು. ಕೆಳಗಿನ ತೋಟದ ಯಜಮಾನರು ಕೋವಿ ಹಿಡಿದು ನಾಲ್ಕು ಜನರೊಂದಿಗೆ ಅಗಳಿನ ಬಳಿಗೆ ಬಂದರು. ಟಾರ್ಚಿನ ಬೆಳಕುಗಳು ಬರುವುದನ್ನು ಕಂಡ ಮೇಲಿನವರು, ಇವರು ಹೊಡೆಯಲೆಂದೇ ಬಂದಿದ್ದಾರೆಂದು ಮತ್ತೆ ತೋಟಾ ತುಂಬಿದರು. ಇಬ್ಬರೂ ಕೆಟ್ಟವರಲ್ಲ. ಹಗಲು ಹೊತ್ತಿನಲ್ಲಿ ಇಬ್ಬರೂ ನನ್ನೊಂದಿಗೆ ಕುಳಿತು ಕಾಫಿ ಕುಡಿದವರೇ. ಆದರೆ ಆ ಅರ್ಧ ಗಂಟೆ ಎರಡು ಕೋವಿಗಳು ಮಂಜಿನಲ್ಲಿ ಪರಸ್ಪರ ಗುರಿಯಿಟ್ಟು ನಿಂತಿದ್ದವು. ಕೊನೆಗೆ ಮೇಲಿನ ತೋಟದ ಮುದುಕ ಮೇಸ್ತ್ರಿ ಒಬ್ಬ ಬರಿಗೈಯಲ್ಲಿ ಗದ್ದೆಗೆ ಇಳಿದು, ಬಿದ್ದಿದ್ದ ಹಂದಿಯನ್ನು ಕಾಲು ಹಿಡಿದು ಹಳ್ಳದ ಸಂಕದವರೆಗೆ ಎಳೆದು ತಂದು, "ಹಂದಿಗೆ ಹೊಡೆದದ್ದು ಅಯ್ಯಾ, ಹಂದಿಗೆ! ನೋಡಿ!" ಎಂದು ಕೂಗಿದ. ಟಾರ್ಚುಗಳು ಹಂದಿಯ ಮೇಲೆ ಬಿದ್ದವು. ಕೋವಿಗಳು ಕೆಳಗಿಳಿದವು. ಹಂದಿ ಹೊಡೆಯುವುದು ಆಗಲೂ ಕಾನೂನಿಗೆ ವಿರುದ್ಧವಾದ್ದರಿಂದ ಯಾರೂ ಠಾಣೆಗೆ ಹೋಗಲಿಲ್ಲ.

ಮರುದಿನ ಲೈನಿನ ಆ ಹುಡುಗ ನನ್ನ ಮೇಜಿನ ಮೇಲೆ ಮೂರು ಸೀಸದ ಚರೆಗಳನ್ನು ಇಟ್ಟ. ತಗಡಿನ ಸಂದಿನಿಂದ ಒಳಗೆ ಬಿದ್ದು, ಅವನ ಪುಟ್ಟ ತಂಗಿ ಮಲಗಿದ್ದ ಚಾಪೆಯ ಪಕ್ಕದಲ್ಲಿ ಸಿಕ್ಕಿದ್ದವಂತೆ. "ಸಾರ್, ನೀವು ಹೇಳಿದ ಹಾಗೆ ಎರಡೂ ಮನೆಯಲ್ಲಿ ಕೋವಿ ಇತ್ತು. ನಮ್ಮ ಮನೆಯಲ್ಲಿ ಇರಲಿಲ್ಲ" ಎಂದ. ಉದ್ಧಟತನದಿಂದಲ್ಲ, ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆಯಲ್ಲ ಎಂಬಂತೆ ಹೇಳಿದ. ನಾನು "ಹೋಗಿ ಕೂತ್ಕೋ" ಎಂದು ಅಂದಿನ ಪಾಠವನ್ನು ಮುಂದುವರಿಸಿದೆ.

ಆ ಹುಡುಗನಿಗೆ ಅಂದು ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ನನ್ನ ಪಾಠದಲ್ಲಿ ಮೂರು ತಪ್ಪುಗಳಿದ್ದವು.

ಮೊದಲನೆಯ ತಪ್ಪು, ಕೋವಿ ಹಾರುವುದು ಯಜಮಾನನ ನಿರ್ಧಾರದಿಂದ ಮಾತ್ರ ಎಂದು ನಾನು ಭಾವಿಸಿದ್ದು. ತಡೆಶಕ್ತಿಯ ಲೆಕ್ಕಾಚಾರವೆಲ್ಲ ಮನುಷ್ಯ ಯೋಚಿಸಿ ನಿರ್ಧರಿಸುತ್ತಾನೆ ಎಂಬುದರ ಮೇಲೆ ನಿಂತಿದೆ. ಆದರೆ 2022ರ ಮಾರ್ಚ್ 9ರಂದು ಏನಾಯಿತು? ನಮ್ಮದೇ ಒಂದು ಬ್ರಹ್ಮೋಸ್ ಕ್ಷಿಪಣಿ ಅಕಸ್ಮಾತ್ತಾಗಿ ಹಾರಿ, ಗಡಿ ದಾಟಿ, ಪಾಕಿಸ್ತಾನದ ಮಿಯಾನ್ ಚನ್ನು ಎಂಬ ಊರಿನ ಬಳಿ ಬಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅದು ತನ್ನ ಆಕಾಶದಲ್ಲಿ 124 ಕಿಲೋಮೀಟರ್ ದೂರವನ್ನು 3 ನಿಮಿಷ 44 ಸೆಕೆಂಡುಗಳಲ್ಲಿ ಕ್ರಮಿಸಿತೆಂದು ಪಾಕಿಸ್ತಾನದ ಸೇನೆ ಹೇಳಿತು. ಆಕಸ್ಮಿಕವಾಗಿ ಹಾರಿತೆಂದು ನಮ್ಮ ಸರ್ಕಾರ ಬಹಿರಂಗವಾಗಿ ಹೇಳಿದ್ದು ಎರಡು ದಿನಗಳ ನಂತರ, ಮಾರ್ಚ್ 11ರಂದು. ಅದೇ ಆಗಸ್ಟ್‌ನಲ್ಲಿ ವಾಯುಸೇನೆಯ ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾ ಮಾಡಲಾಯಿತು. ಮಂಜಿನಲ್ಲಿ ಹಂದಿಯನ್ನು ಎಳೆದು ತಂದು ತೋರಿಸಲು ಅಲ್ಲಿ ಯಾವ ಮೇಸ್ತ್ರಿ ಇದ್ದ? ಆ ದಿನ ಗಡಿಯಲ್ಲಿ ಬೇರೆ ಗಲಾಟೆ ಇರಲಿಲ್ಲ. 2019ರ ಫೆಬ್ರುವರಿಯ ಕೊನೆಯ ವಾರದಲ್ಲೋ 2025ರ ಮೇ 9ರಂದೋ ಅದು ಹಾರಿದ್ದರೆ ಏನಾಗುತ್ತಿತ್ತೆಂದು ನನಗೆ ಊಹಿಸಲಾಗದು.

ಕಾದಾಟದ ಬಿಸಿಯಲ್ಲಿ ತಿಳಿವಳಿಕೆಯುಳ್ಳವರೂ ತಪ್ಪುತ್ತಾರೆ. 2019ರ ಫೆಬ್ರುವರಿ 27ರಂದು ಶ್ರೀನಗರದ ಬಳಿಯ ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಹೆಲಿಕಾಪ್ಟರನ್ನು ಹೊಡೆದುರುಳಿಸಿತು. ಆರು ಮಂದಿ ವಾಯುಸೇನೆಯವರೂ ಒಬ್ಬ ನಾಗರಿಕನೂ ಸತ್ತರು. ಅದು ದೊಡ್ಡ ತಪ್ಪೆಂದು ಅದೇ ವರ್ಷ ವಾಯುಸೇನೆಯ ಮುಖ್ಯಸ್ಥರೇ ಒಪ್ಪಿಕೊಂಡರು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಕ್ಷಿಪಣಿ ತಲುಪಲು ಅರ್ಧ ಗಂಟೆಯಷ್ಟಾದರೂ ಸಮಯವಿರುತ್ತಿತ್ತು. ನಮ್ಮಿಬ್ಬರ ನಡುವೆ ಇರುವುದು ಕೆಲವೇ ನಿಮಿಷಗಳು. ಅವರ ನಡುವೆ ಸಾಗರವಿತ್ತು, ನಮ್ಮ ನಡುವೆ ಇರುವುದು ಅಗಳು ಮಾತ್ರ.

ಎರಡನೆಯ ತಪ್ಪು, ಕೋವಿ ಇದ್ದರೆ ಜಗಳವೇ ಇರುವುದಿಲ್ಲ ಎಂದದ್ದು. ನಾನು "ಇನ್ನು ಯುದ್ಧವಿಲ್ಲ" ಎಂದು ಹೇಳಿ ಒಂದು ವರ್ಷವೂ ತುಂಬುವ ಮೊದಲೇ ಕಾರ್ಗಿಲ್ ನಡೆಯಿತು. ಐನೂರಕ್ಕೂ ಹೆಚ್ಚು ಯೋಧರು ಪ್ರಾಣತೆತ್ತರು. 2001ರಲ್ಲಿ ಸಂಸತ್ತಿನ ಮೇಲೆ ದಾಳಿ, 2008ರಲ್ಲಿ ಮುಂಬಯಿ, 2016ರಲ್ಲಿ ಉರಿ, 2019ರಲ್ಲಿ ಪುಲ್ವಾಮಾ, 2025ರಲ್ಲಿ ಪಹಲ್ಗಾಮ್. ಇಲ್ಲಿ ಒಂದು ವಿಚಿತ್ರವಿದೆ. ದೊಡ್ಡ ಅಸ್ತ್ರ ದೊಡ್ಡ ಯುದ್ಧವನ್ನು ತಡೆಯುತ್ತದೆ ಎಂಬ ಭರವಸೆಯೇ, ಸಣ್ಣ ಕೇಡು ಮಾಡಿ ದಕ್ಕಿಸಿಕೊಳ್ಳಬಹುದು ಎಂಬ ಧೈರ್ಯವನ್ನು ಕೊಡುತ್ತದೆ. ಅದಕ್ಕೆ ಉತ್ತರ ಕೊಡದೆ ಇರಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಉತ್ತರ ಪ್ರತಿ ಸಲವೂ ಒಂದು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ: 2016ರಲ್ಲಿ ಗಡಿ ನಿಯಂತ್ರಣ ರೇಖೆ ದಾಟಿದ ಪದಾತಿಗಳು, 2019ರಲ್ಲಿ ಬಾಲಾಕೋಟ್‌ಗೆ ಹೋದ ವಿಮಾನಗಳು, 2025ರಲ್ಲಿ ಎರಡೂ ಕಡೆಯ ಕ್ಷಿಪಣಿಗಳು ಮತ್ತು ಡ್ರೋನ್‌ಗಳು. ಕೊನೆಯ ಮೆಟ್ಟಿಲು ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿಲ್ಲ. ಮಂಜಿನಲ್ಲಿ ಮೆಟ್ಟಿಲು ಹತ್ತುವುದೆಂದರೆ ಇದೇ. ಈ ನಡುವೆ ಚರೆ ಬೀಳುವುದು ತಗಡಿನ ಮಾಡಿನ ಮೇಲೆ. 2025ರ ಮೇ 7ರಂದು ಪೂಂಚ್ ಪಟ್ಟಣದ ಮೇಲೆ ಪಾಕಿಸ್ತಾನದ ಫಿರಂಗಿ ಗುಂಡುಗಳು ಬಿದ್ದು ಮಕ್ಕಳೂ ಸೇರಿದಂತೆ ಹಲವು ನಾಗರಿಕರು ಸತ್ತರು. ಅವರ ಮನೆಯಲ್ಲಿ ಕೋವಿ ಇರಲಿಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ಆ ಎರಡು ತೋಟಗಳ ನಡುವಿನ ಶಾಂತಿಗೆ ಕಾರಣ ಕೋವಿ ಎಂದು ನಾನು ಹೇಳಿದೆ. ಅದಲ್ಲ, ಸಂಜೆಯ ಹೊತ್ತು ರೈಟರು ಹೇಳಿ ಕಳುಹಿಸುತ್ತಿದ್ದ ಒಂದು ಮಾತೇ ಅದಕ್ಕೆ ಕಾರಣ. ಅದು ತಪ್ಪಿದ ಒಂದೇ ರಾತ್ರಿ ಕೋವಿಗಳು ಎದುರುಬದುರಾದವು. ಇನ್ನೊಂದು ಸಂಗತಿಯನ್ನು ನಾನು ಗಮನಿಸಿಯೇ ಇರಲಿಲ್ಲ: ವ್ಯಾಜ್ಯ ಎಷ್ಟೇ ಬಿಸಿಯಾಗಿದ್ದರೂ ಕುಯ್ಲಿನ ಕಾಲದಲ್ಲಿ ಇಬ್ಬರೂ ಪಲ್ಪರ್ ನೀರನ್ನು ಆ ಹಳ್ಳಕ್ಕೆ ಬಿಡುತ್ತಿರಲಿಲ್ಲ. ಇಬ್ಬರ ಲೈನಿನವರೂ ಇಬ್ಬರ ದನಗಳೂ ಕುಡಿಯುತ್ತಿದ್ದುದು ಅದೇ ನೀರು. ಮುಟ್ಟಬಾರದ್ದನ್ನು ಮುಟ್ಟಬಾರದು ಎಂಬ ಒಪ್ಪಂದ ಅಲ್ಲಿತ್ತು.

ಇಂಥದ್ದು ನಮ್ಮೆರಡು ದೇಶಗಳ ನಡುವೆಯೂ ಇದೆ. ಅದಕ್ಕೆ ಕರ್ನಾಟಕದ ನಂಟೂ ಇದೆ.

ನಮ್ಮದೇ ಪಶ್ಚಿಮಘಟ್ಟದ ಸಾಲಿನಲ್ಲಿ ಉತ್ತರಕ್ಕೆ ಹೋದರೆ ಕಾಳಿ ನದಿಯ ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ಕಾರವಾರಕ್ಕೆ ಶೈಕ್ಷಣಿಕ ಪ್ರವಾಸ ಹೋದಾಗ ಕದ್ರಾ ಅಣೆಕಟ್ಟೆ ತೋರಿಸಿದ್ದು ಕೆಲವರಿಗೆ ನೆನಪಿರಬಹುದು. ಕೈಗಾ ಅದರ ಹತ್ತಿರವೇ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಅಲ್ಲಿ ವಿದ್ಯುತ್ ತಯಾರಿಸುತ್ತವೆ. ಮೊದಲ ಘಟಕ 962 ದಿನ ನಿರಂತರವಾಗಿ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿತು. ಇದೇ ಕೈಗಾದಲ್ಲಿ 1994ರ ಮೇ 13ರಂದು, ಕಟ್ಟಡ ಇನ್ನೂ ನಿರ್ಮಾಣದಲ್ಲಿದ್ದಾಗ, ಒಳಗುಮ್ಮಟದ ಕಾಂಕ್ರೀಟು ಕುಸಿದು ಬಿದ್ದಿತ್ತು. ಒಳಗೆ ಇಂಧನವಿರಲಿಲ್ಲವಾದ್ದರಿಂದ ದೊಡ್ಡ ಅನಾಹುತವಾಗಲಿಲ್ಲ. ಎರಡೂ ನಿಜ: ನಮ್ಮವರು ಸಮರ್ಥರು, ಸಮರ್ಥರ ಕೈಯಲ್ಲಿಯೂ ವಸ್ತುಗಳು ಕುಸಿಯುತ್ತವೆ. ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಕೈಗಾ ಯೋಜನೆಯನ್ನು ಪ್ರಶ್ನಿಸಿದ್ದರು. ಅವರು ಗೆಲ್ಲಲಿಲ್ಲ. ಆಗ ನಾನು ಅವರದು ಹಟವೆಂದುಕೊಂಡಿದ್ದೆ. ಅಪಾಯ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆಯೆಂದು ಈಗ ಅನಿಸುತ್ತದೆ.

ಇಂಥ ಸ್ಥಾವರದ ಮೇಲೆ ಶತ್ರುವಿನ ಬಾಂಬು ಬಿದ್ದರೆ? ಸಾಮಾನ್ಯ ಬಾಂಬೇ ಸಾಕು. ಒಳಗಿನ ವಿಕಿರಣವೇ ಹೊರಬಂದರೆ ನದಿ, ಗಾಳಿ, ಮಳೆಗಳು ಅದನ್ನು ಹೊತ್ತು ಸಾಗುತ್ತವೆ. 1981ರ ಜೂನ್ 7ರಂದು ಇಸ್ರೇಲ್ ಇರಾಕಿನ ಅಣು ಸ್ಥಾವರದ ಮೇಲೆ ವಿಮಾನ ದಾಳಿ ಮಾಡಿದ ಮೇಲೆ ಈ ಭಯ ನಮ್ಮಲ್ಲಿಯೂ ಹುಟ್ಟಿತು. ಪತ್ರಕರ್ತ ರಾಜ್ ಚೆಂಗಪ್ಪನವರು 'ವೆಪನ್ಸ್ ಆಫ್ ಪೀಸ್' ಎಂಬ ಪುಸ್ತಕದಲ್ಲಿ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. 1983ರಲ್ಲಿ ವಿಯೆನ್ನಾದಲ್ಲಿ ಪಾಕಿಸ್ತಾನದ ಅಣುಶಕ್ತಿ ಆಯೋಗದ ಮುಖ್ಯಸ್ಥ ಮುನೀರ್ ಅಹಮದ್ ಖಾನರು ನಮ್ಮ ರಾಜಾ ರಾಮಣ್ಣನವರನ್ನು ಭೇಟಿಯಾಗಿ, ನೀವು ಕಹೂಟಾದ ಮೇಲೆ ದಾಳಿ ಮಾಡಿದರೆ ನಾವು ಟ್ರಾಂಬೆಯ ಮೇಲೆ ಮಾಡುತ್ತೇವೆ ಎಂಬ ಎಚ್ಚರಿಕೆ ಕೊಟ್ಟರಂತೆ. ಟ್ರಾಂಬೆ ಇರುವುದು ಮುಂಬಯಿ ಎಂಬ ಜನಸಾಗರದ ಪಕ್ಕದಲ್ಲಿ.

ಬೆದರಿಕೆ ಬೆದರಿಕೆಯಾಗಿಯೇ ಉಳಿಯಬಹುದಿತ್ತು. ಆದರೆ ಅದು ಕಾಗದಕ್ಕೆ ಇಳಿಯಿತು. 1985ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಮತ್ತು ಜಿಯಾ ಉಲ್ ಹಕ್ ದೆಹಲಿಯಲ್ಲಿ ಬಾಯಿಮಾತಿನ ಒಪ್ಪಂದಕ್ಕೆ ಬಂದರು. 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೋ ಸಮ್ಮುಖದಲ್ಲಿ ಅದಕ್ಕೆ ಸಹಿ ಬಿತ್ತು. 1991ರ ಜನವರಿ 27ರಿಂದ ಅದು ಜಾರಿಯಲ್ಲಿದೆ. ಅದರ ಸಾರ ಸರಳ: ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಕೂಡದು. ಅದಕ್ಕಾಗಿ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು ಅಕ್ಷಾಂಶ ರೇಖಾಂಶ ಸಹಿತ ಪರಸ್ಪರ ಕೊಡಬೇಕು. ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಆದರೆ ಒಪ್ಪಂದದ ವ್ಯಾಖ್ಯೆಯಲ್ಲಿ ವಿದ್ಯುತ್ ಸ್ಥಾವರಗಳು ಮೊದಲಿಗೇ ಬರುವುದರಿಂದ ಕೈಗಾವೂ ಅದರ ರಕ್ಷಣೆಯೊಳಗೆ ಬರುತ್ತದೆ.

ಗಡಿಯಾರದ ಮುಳ್ಳಿನಂತೆ ಈ ಕೆಲಸ ನಡೆದುಬಂದಿದೆ. 1992ರ ಜನವರಿ 1ರಂದು ಮೊದಲ ಸಲ. ಕಾರ್ಗಿಲ್ ನಂತರದ ಹೊಸ ವರ್ಷದಂದೂ ಕೊಟ್ಟರು. ಗಡಿಯಲ್ಲಿ ಲಕ್ಷಾಂತರ ಸೈನಿಕರು ಎದುರುಬದುರಾಗಿದ್ದ 2002ರ ಜನವರಿ 1ರಂದೂ ಕೊಟ್ಟರು. ಮುಂಬಯಿ ದಾಳಿಯಾಗಿ ಐದು ವಾರ ಕಳೆದ 2009ರ ಜನವರಿ 1ರಂದೂ ಕೊಟ್ಟರು. 2025ರ ಮೇ ತಿಂಗಳ ಸಂಘರ್ಷದ ನಂತರ, 2026ರ ಜನವರಿ 1ರಂದು, 35ನೆಯ ಸಲ ಕೊಟ್ಟರು. ಮರುದಿನದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಅದನ್ನು ನಾವು ಓದದೆ ಪುಟ ತಿರುಗಿಸುತ್ತೇವೆ.

ಆ ನಾಲ್ಕು ಸಾಲಿನ ಬೆಲೆ ಏನೆಂದು ಬೇರೆ ದೇಶಗಳನ್ನು ನೋಡಿದರೆ ತಿಳಿಯುತ್ತದೆ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಜಪೋರಿಝಿಯಾ ಅಣು ಸ್ಥಾವರ ಯುದ್ಧರಂಗವಾಯಿತು. 2025ರ ಜೂನ್‌ನಲ್ಲಿ ಇರಾನಿನ ಅಣು ಕೇಂದ್ರಗಳ ಮೇಲೆ ಇಸ್ರೇಲ್ ಮತ್ತು ಅಮೆರಿಕ ಬಾಂಬು ಹಾಕಿದವು. ಅದಕ್ಕೆ ಒಂದು ತಿಂಗಳ ಹಿಂದೆ ನಮ್ಮಲ್ಲಿ ಪಾಕಿಸ್ತಾನದ ಕಿರಾನಾ ಬೆಟ್ಟದ ಅಣು ಭಂಡಾರಕ್ಕೆ ನಾವು ಹೊಡೆದೆವೆಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡಿತು. ನಮ್ಮ ಏರ್ ಮಾರ್ಷಲ್ ಎ.ಕೆ. ಭಾರತಿಯವರು ಮೇ 12ರಂದು ನಾವು ಅಲ್ಲಿಗೆ ಹೊಡೆದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಹೊಡೆದಿಲ್ಲವೆಂದು ಹೇಳುವುದರಲ್ಲಿಯೂ ಒಂದು ಶಕ್ತಿಯಿದೆ.

ಇದೇ ಬಗೆಯ ಇನ್ನೂ ಕೆಲವು ಏರ್ಪಾಡುಗಳಿವೆ. ಎರಡೂ ಸೇನೆಗಳ ಕಾರ್ಯಾಚರಣೆಯ ಮಹಾನಿರ್ದೇಶಕರ ನಡುವೆ 1971ರಿಂದಲೂ ನೇರ ದೂರವಾಣಿ ಇದೆ. 2025ರ ಮೇ 10ರ ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಪಾಕಿಸ್ತಾನದ ಅಧಿಕಾರಿ ನಮ್ಮ ಅಧಿಕಾರಿಗೆ ಕರೆ ಮಾಡಿದರು. ಸಂಜೆ 5 ಗಂಟೆಯಿಂದ ಗುಂಡು ನಿಲ್ಲಿಸಲು ಒಪ್ಪಂದವಾಯಿತು. 2005ರ ಒಪ್ಪಂದದಂತೆ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷಿಸುವ ಮೊದಲು ಪರಸ್ಪರ ತಿಳಿಸಬೇಕು. "ಇವತ್ತು ರಾತ್ರಿ ಕಾಯ್ತಾರೆ" ಎಂಬ ನಮ್ಮ ರೈಟರ ಮಾತಿಗೂ ಇದಕ್ಕೂ ಏನು ವ್ಯತ್ಯಾಸ?

ಚೀನಾದ ಜೊತೆಗೂ ಹೀಗೆಯೇ. ನೆರೆಯ ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ನವೆಂಬರ್ 29ರಂದು, ವಾಸ್ತವ ನಿಯಂತ್ರಣ ರೇಖೆಯ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವುದಿಲ್ಲ ಎಂಬ ಒಪ್ಪಂದವಾಯಿತು. ಅದೇ ವರ್ಷ ಅಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿದ್ದೂ ಅವರದೇ ಸರ್ಕಾರ. ಬಲವನ್ನು ಬಿಟ್ಟುಕೊಡದೆಯೂ ಸಂಯಮವನ್ನು ಬರೆದು ಕೊಡಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಕಲ್ಲು ದೊಣ್ಣೆಗಳ ಕ್ರೂರ ಹೊಡೆದಾಟದಲ್ಲಿ ಪ್ರಾಣ ಬಿಟ್ಟರು. ಆ ನೋವು ಸಣ್ಣದಲ್ಲ. ಆದರೂ ಆ ಕತ್ತಲಲ್ಲಿ, ಆ ಸಿಟ್ಟಿನಲ್ಲಿ, ಎರಡು ಅಣ್ವಸ್ತ್ರ ರಾಷ್ಟ್ರಗಳ ಸೈನಿಕರು ಬಂದೂಕು ಹಾರಿಸಲಿಲ್ಲ. ಅವರ ಕೈಯನ್ನು ಹಿಡಿದು ನಿಲ್ಲಿಸಿದ್ದು ಬಾಂಬಿನ ಹೆದರಿಕೆಯೊಂದೇ ಅಲ್ಲ, 24 ವರ್ಷ ಹಳೆಯದಾದ ಆ ಕಾಗದ ಮತ್ತು ಅದು ರೂಢಿಸಿದ ಅಭ್ಯಾಸ.

ನನ್ನ ಇಂಜಿನಿಯರ್ ಶಿಷ್ಯ ಇದನ್ನು ಓದಿ ಖಂಡಿತ ಕೇಳುತ್ತಾನೆ: "ಹಾಗಾದರೆ ಸಾರ್, ನಮ್ಮ ಬಾಂಬನ್ನು ಸಮುದ್ರಕ್ಕೆ ಎಸೆಯೋಣವೇ? ಉಕ್ರೇನ್ 1994ರಲ್ಲಿ ಬಿಟ್ಟುಕೊಟ್ಟು ಏನಾಯಿತು?" ಇಲ್ಲಪ್ಪಾ, ಹಾಗೆ ಹೇಳುವಷ್ಟು ಸರಳ ಮನುಷ್ಯ ನಾನಲ್ಲ. ಪಕ್ಕದ ಎರಡು ಮನೆಗಳಲ್ಲಿ ಕೋವಿ ಇರುವಾಗ ನಮ್ಮದನ್ನು ಮಾತ್ರ ಒಪ್ಪಿಸು ಎನ್ನಲು ನನಗೂ ಧೈರ್ಯವಿಲ್ಲ. ಮಲೆನಾಡಿನಲ್ಲಿ ಚುನಾವಣೆ ಬಂದರೆ ಎಲ್ಲರೂ ಗೊಣಗುತ್ತಲೇ ಕೋವಿಯನ್ನು ಠಾಣೆಗೆ ಜಮಾ ಮಾಡುತ್ತೇವೆ. ಏಕೆಂದರೆ ಠಾಣೆ ಎಂಬುದೊಂದಿದೆ. ದೇಶಗಳಿಗೆ ಅಂಥ ಠಾಣೆಯಿಲ್ಲ. ಆದ್ದರಿಂದಲೇ ರೈಟರ ಮಾತು ಅಲ್ಲಿ ಇನ್ನಷ್ಟು ಮುಖ್ಯ.

ನಾನು ಹೇಳುವುದಿಷ್ಟೆ. ಬಾಂಬು ಸಮಯವನ್ನು ಕೊಂಡುಕೊಡಬಹುದು, ಶಾಂತಿಯನ್ನು ಕೊಡುವುದಿಲ್ಲ. ಕೊಂಡ ಸಮಯವನ್ನು ಏನು ಮಾಡುತ್ತೇವೆ ಎಂಬುದೇ ಪ್ರಶ್ನೆ. ಪಟ್ಟಿ ಕೊಡುವುದನ್ನೂ ದೂರವಾಣಿ ಎತ್ತುವುದನ್ನೂ ಯಾವ ಸಿಟ್ಟಿನಲ್ಲಿಯೂ ನಿಲ್ಲಿಸಬಾರದು. 2005ರ ಒಪ್ಪಂದದಲ್ಲಿ ಬ್ರಹ್ಮೋಸ್‌ನಂಥ ಕ್ರೂಸ್ ಕ್ಷಿಪಣಿಗಳು ಸೇರಿಲ್ಲ. 2022ರ ಅನುಭವದ ನಂತರವಾದರೂ ಅವನ್ನು ಸೇರಿಸಬೇಕು. ಅಕಸ್ಮಾತ್ ಏನಾದರೂ ಹಾರಿದರೆ ಎರಡು ದಿನವಲ್ಲ, ಎರಡು ನಿಮಿಷದಲ್ಲಿ "ಹಂದಿಗೆ ಹೊಡೆದದ್ದು" ಎಂದು ಕೂಗಿ ಹೇಳುವ ವ್ಯವಸ್ಥೆ ಇರಬೇಕು. ಭಯೋತ್ಪಾದಕರನ್ನು ಸಾಕುವ ನೆರೆಯವನೊಂದಿಗೆ ಸ್ನೇಹ ಮಾಡಿ ಎಂದು ನಾನು ಹೇಳುತ್ತಿಲ್ಲ. ಆ ಎರಡು ತೋಟದವರೂ ಕೊನೆಯವರೆಗೆ ಸ್ನೇಹಿತರಾಗಲಿಲ್ಲ. ಸ್ನೇಹವಿಲ್ಲದ ಕಡೆಯೇ ಇಂಥ ಏರ್ಪಾಡುಗಳು ಬೇಕಾಗುವುದು. ನಮ್ಮಂಥವರಿಂದಾಗುವ ಒಂದು ಸಣ್ಣ ಕೆಲಸವೂ ಇದೆ: ಊಟದ ಪಂಕ್ತಿಯಲ್ಲಿ ಅಣುಬಾಂಬಿನ ಮಾತನ್ನು ಉಪ್ಪಿನಕಾಯಿಯಂತೆ ಬಡಿಸದಿರುವುದು.

ಆ ರಾತ್ರಿಯ ನಂತರ ಮೇಲಿನ ತೋಟದವರು ಹೊಸ ರೈಟರನ್ನು ಕರೆದು ಪದ್ಧತಿ ಹೇಳಿಕೊಟ್ಟರು. ಸಂಜೆಯ ಮಾತು ಮತ್ತೆ ಶುರುವಾಯಿತು. ಇಬ್ಬರು ಯಜಮಾನರೂ ಈಗ ಇಲ್ಲ. ಅಗಳಿನ ಮೊಕದ್ದಮೆ ಮಕ್ಕಳ ಕಾಲದಲ್ಲಿಯೂ ನಡೆಯುತ್ತಿದೆ ಎಂದು ಕೇಳಿದ್ದೇನೆ.

ಇದನ್ನು ಬರೆಯುವ ಮೊದಲು ಆ ಹುಡುಗನ ಫೋನ್ ನಂಬರು ಹುಡುಕಿ ಮಾತನಾಡಿದೆ. ಹಾಸನದ ಕಡೆ ಲಾರಿ ಓಡಿಸಿಕೊಂಡು ಚೆನ್ನಾಗಿದ್ದಾನೆ. ನಾನು ಅಂದು ಉತ್ತರ ಕೊಡದೆ ಕೂರಿಸಿದ್ದಕ್ಕೆ ಬೇಸರವಾಗಿದೆ, ಬರೆಯಲೇ ಎಂದು ಕೇಳಿದೆ. "ಅದನ್ನೆಲ್ಲ ಇನ್ನೂ ನೆನಪಿಟ್ಟುಕೊಂಡಿದ್ದೀರಾ ಸಾರ್? ಬರೀರಿ. ತಂಗಿಗೆ ಈಗ ಇಬ್ಬರು ಮಕ್ಕಳು" ಎಂದ. ಆ ಮೂರು ಚರೆಗಳು ನನ್ನ ಹಳೆಯ ಸೀಮೆಸುಣ್ಣದ ಡಬ್ಬಿಯಲ್ಲಿ ಇನ್ನೂ ಇವೆ.

1998ರ ತರಗತಿಯವರು ದಯವಿಟ್ಟು ನಿಮ್ಮ ಟಿಪ್ಪಣಿಯನ್ನು ತಿದ್ದಿಕೊಳ್ಳಿ. ಒಪ್ಪದವರು ಬರೆದು ತಿಳಿಸಿ. ಮೇಷ್ಟ್ರನ್ನು ತಿದ್ದುವ ಹಕ್ಕು ಈಗ ನಿಮಗೂ ಬಂದಿದೆ.